ಔಲಿಯ ಇಳಿಜಾರಿನಲ್ಲಿ ಏಳು ದಿನ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಎರಡು ದಶಕಗಳಿಂದ ಸಮಾಜ ವಿಜ್ಞಾನ ಬೋಧಿಸುತ್ತಿರುವ ಶಿಕ್ಷಕಿಯೊಬ್ಬರಿಗೆ ಹಿಮಾಲಯದ ಪಾಠ ಬಂದಾಗಲೆಲ್ಲ ಒಂದು ತೊಡಕು ಎದುರಾಗುತ್ತಿತ್ತು. ಹಿಮವೆಂದರೇನೆಂದು ಮಕ್ಕಳು ಕೇಳುವರು. ಮಂಜು ಎಂದರೆ ಮುಂಜಾನೆ ಅಡಕೆ ತೋಟವನ್ನು ಕವಿಯುವ ಮುಸುಕು ಅವರ ಕಣ್ಣ ಮುಂದೆ ಬರುವುದು. ಮಂಜುಗಡ್ಡೆಯೆಂದರೆ ಮೀನಿನ ಪೆಟ್ಟಿಗೆಗೆ ತುಂಬುವ ಐಸು. ಹಿಮವನ್ನು ತಾವೂ ಕಂಡವರಲ್ಲವಾದುದರಿಂದ ಪುಸ್ತಕದ ಚಿತ್ರವನ್ನು ತೋರಿಸಿ ಅವರು ಮುಂದೆ ಸಾಗುತ್ತಿದ್ದರು. ಮದುವೆಯಾಗಿ 25 ವರ್ಷ ತುಂಬಿದ ಚಳಿಗಾಲದಲ್ಲಿ, ಸಹಕಾರಿ ಬ್ಯಾಂಕಿನ ನೌಕರರಾದ ಪತಿ, “ಈ ಸಲ ನಿನ್ನ ಪಾಠದೊಳಗೇ ಹೋಗಿ ಬರೋಣ” ಎಂದರು. ಜನವರಿಯ ಕೊನೆಯಲ್ಲಿ ರಜೆ ಹಾಕಿ ದಂಪತಿಗಳು ಉತ್ತರಾಖಂಡದ ಔಲಿಗೆ ಹೊರಟರು. ಅಲ್ಲಿ ಏಳು ದಿನಗಳ ಸ್ಕೀ ತರಬೇತಿಗೆ ಇಬ್ಬರೂ ಹೆಸರು ಕೊಟ್ಟಿದ್ದರು.

ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿ, ಅಲ್ಲಿಂದ ಹರಿದ್ವಾರ, ಋಷಿಕೇಶ. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರುಗಳ ಬೆಟ್ಟದ ದಾರಿ. ದೇವಪ್ರಯಾಗದಲ್ಲಿ ಭಾಗೀರಥಿ, ಅಲಕನಂದೆಗಳು ಕೂಡಿ ಗಂಗೆಯೆಂಬ ಹೆಸರು ಪಡೆಯುವುದನ್ನು ಕಂಡು, ಅಲಕನಂದೆಯ ದಂಡೆಯನ್ನೇ ಹಿಡಿದು ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗಗಳನ್ನು ದಾಟಿ ಮೇಲೇರಬೇಕು. ಐದನೆಯದಾದ ವಿಷ್ಣುಪ್ರಯಾಗ ಜೋಶಿಮಠದ ಬುಡದಲ್ಲಿದೆ.

ಸುಮಾರು 1,890 ಮೀಟರ್ ಎತ್ತರದಲ್ಲಿರುವ ಜೋಶಿಮಠ ದಕ್ಷಿಣದವರಿಗೆ ಅಪರಿಚಿತ ಊರಲ್ಲ. ಶಂಕರಾಚಾರ್ಯರು ಸ್ಥಾಪಿಸಿದರೆಂದು ಪರಂಪರೆ ಹೇಳುವ ನಾಲ್ಕು ಪೀಠಗಳಲ್ಲಿ ದಕ್ಷಿಣದ್ದು ಶೃಂಗೇರಿ, ಉತ್ತರದ್ದು ಇಲ್ಲಿನ ಜ್ಯೋತಿರ್ಮಠ. ಬದರೀನಾಥದ ಬಾಗಿಲು ಮುಚ್ಚುವ ಚಳಿಗಾಲದ ತಿಂಗಳುಗಳಲ್ಲಿ ಶಂಕರರ ಗದ್ದುಗೆಯನ್ನು ಇಲ್ಲಿನ ನರಸಿಂಹ ದೇವಾಲಯಕ್ಕೆ ತರುತ್ತಾರೆ. ಬದರಿಯ ಪ್ರಧಾನ ಅರ್ಚಕರಾದ ರಾವಲರು ಕೇರಳದ ನಂಬೂದಿರಿಗಳು. “ಇಷ್ಟು ದೂರ ಬಂದೂ ನೆರೆಮನೆಗೆ ಬಂದ ಹಾಗಾಯಿತಲ್ಲ!” ಎಂದು ಶಿಕ್ಷಕಿ ನಕ್ಕರು.

ಜೋಶಿಮಠದಿಂದ ಔಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇ ಉಂಟು. 2023ರ ಜನವರಿಯಲ್ಲಿ ನಿಂತ ಅದು ದಂಪತಿಗಳು ಹೋದಾಗಲೂ ಓಡುತ್ತಿರಲಿಲ್ಲ. ಜೀಪೊಂದನ್ನು ಹಿಡಿದು, ತಿರುವುಗಳ ರಸ್ತೆಯಲ್ಲಿ ಅವರು ಮೇಲೇರಿದರು.

ಔಲಿಯ ಇಳಿಜಾರುಗಳು ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿ ಹರಡಿವೆ. ಸುತ್ತಲೂ ದೇವದಾರು, ಓಕ್ ಮರಗಳ ಕಾಡು. ಎದುರಿಗೆ 7,816 ಮೀಟರಿನ ನಂದಾದೇವಿ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ನಡೆದದ್ದು ಇಲ್ಲಿಯೇ. ಜೀಪಿನಿಂದಿಳಿದ ಶಿಕ್ಷಕಿ ಮೊದಲು ಮಾಡಿದ ಕೆಲಸವೆಂದರೆ ಬಗ್ಗಿ ಒಂದು ಹಿಡಿ ಹಿಮವನ್ನು ಎತ್ತಿಕೊಂಡದ್ದು. ಅದು ಐಸಿನಂತೆ ಗಟ್ಟಿಯಾಗಿರಲಿಲ್ಲ. ಒಣಗಿದ ಅಕ್ಕಿಹಿಟ್ಟಿನಂತೆ ಬೆರಳ ಸಂದಿಯಿಂದ ಉದುರಿತು. ಮುಷ್ಟಿಯಲ್ಲಿ ಹಿಸುಕಿದಾಗ ಹಿಟ್ಟಿನಂತೆಯೇ ಕಿರುಗುಟ್ಟಿತು.

ತರಬೇತುದಾರರು ಜೋಶಿಮಠದವರೇ ಆದ ಯುವಕ. ಬಿಗಿಯಾದ ಬೂಟು ತೊಡಿಸಿ, ಉದ್ದನೆಯ ಹಲಗೆಗಳನ್ನು ಅದಕ್ಕೆ ಸಿಕ್ಕಿಸಿ ಅವರು ಹೇಳಿದ ಮೊದಲ ಮಾತು: “ಮುಂದಕ್ಕೆ ಬೀಳಬೇಡಿ, ಹಿಂದಕ್ಕೂ ಬೀಳಬೇಡಿ, ಪಕ್ಕಕ್ಕೆ ಬೀಳಿ.” ಮೊದಲ ದಿನವಿಡೀ ಬೀಳುವುದು, ಹಲಗೆಗಳನ್ನು ಇಳಿಜಾರಿಗೆ ಅಡ್ಡವಾಗಿ ತಂದುಕೊಂಡು ಏಳುವುದು, ಏಡಿಯಂತೆ ಪಕ್ಕಪಕ್ಕಕ್ಕೆ ಹೆಜ್ಜೆಯಿಡುತ್ತ ಮೇಲೇರುವುದು, ಇಷ್ಟೇ ಆಯಿತು. ಎರಡನೆಯ ದಿನದ ಪಾಠ ನಿಲ್ಲುವುದು. ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲಿಸಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಿದರೆ ವೇಗ ತಗ್ಗುವುದು. ನಿಲ್ಲಲು ಬಾರದವನನ್ನು ಮೇಲಿನ ಇಳಿಜಾರಿಗೆ ಬಿಡುವುದಿಲ್ಲವೆಂಬುದು ಅಲ್ಲಿನ ನಿಯಮ.

ಪತಿ ಮೊದಲ ಎರಡು ದಿನಗಳಲ್ಲಿ ಬಿದ್ದ ಲೆಕ್ಕವನ್ನು ಬ್ಯಾಂಕಿನವರ ಶಿಸ್ತಿನಿಂದಲೇ ಇಟ್ಟು, ನಲವತ್ತು ದಾಟಿದ ಮೇಲೆ ಬಿಟ್ಟುಬಿಟ್ಟರು. ಊರಿನ ಎಂಟು ವರ್ಷದ ಪೋರನೊಬ್ಬ ಅವರ ಪಕ್ಕದಲ್ಲೇ ಸುಯ್ಯೆಂದು ಜಾರಿ ಹೋಗಿ, ತಿರುಗಿ ನೋಡಿ ಕೈಬೀಸುತ್ತಿದ್ದ. ಮೂರನೆಯ ದಿನದ ಮಧ್ಯಾಹ್ನ ಶಿಕ್ಷಕಿ ಐವತ್ತು ಮಾರು ದೂರ ಬೀಳದೆ ಜಾರಿ, ತಾವೇ ನಿಂತರು. “ನೀವು ನೋಡಿದಿರಾ?” ಎಂದು ಕೂಗಿ ತಿರುಗಿದರೆ ಪತಿ ಹಿಮದಲ್ಲಿ ಮೊಣಕಾಲೂರಿ ತಮ್ಮ ಕೈಗವಸು ಹುಡುಕುತ್ತಿದ್ದರು.

ಐದನೆಯ ದಿನ ಬಿಸಿಲು ಏರಿತು. ಕೆಳಗಿನ ಇಳಿಜಾರಿನಲ್ಲಿ ಹಿಮ ತೆಳುವಾಗಿ ಒಣಹುಲ್ಲು ಇಣುಕತೊಡಗಿತು. ಕೃತಕ ಹಿಮ ತಯಾರಿಸಲೆಂದೇ ನಿರ್ಮಿಸಿದ ಕೆರೆಯೊಂದು ಔಲಿಯಲ್ಲಿದೆ. ಆದರೆ ನೀರನ್ನು ಸಿಂಪಡಿಸಿ ಹಿಮವಾಗಿಸಲು ಕೊರೆಯುವ ಚಳಿಯೂ ಬೇಕು. 2023ರಲ್ಲಿ ಇಲ್ಲಿ ನಡೆಯಬೇಕಿದ್ದ ಸ್ಕೀ ಸ್ಪರ್ಧೆ ಹಿಮವಿಲ್ಲದೆ ರದ್ದಾಗಿತ್ತು. ಅಂದು ಅಭ್ಯಾಸ ಬೇಗ ಮುಗಿಯಿತು. “ಚಹಾಕ್ಕೆ ಮನೆಗೆ ಬನ್ನಿ” ಎಂದು ತರಬೇತುದಾರರು ಇಬ್ಬರನ್ನೂ ಜೋಶಿಮಠಕ್ಕೆ ಕರೆದೊಯ್ದರು.

ಆ ಮನೆಯ ನಡುಗೋಡೆಯಲ್ಲಿ ಅಂಗೈ ತೂರುವಷ್ಟು ಅಗಲದ ಬಿರುಕು. ಹೊರಗೋಡೆಯ ಮೇಲೆ ಮಾಸಿದ ಕೆಂಪು ಗುರುತು: ವಾಸಕ್ಕೆ ಯೋಗ್ಯವಲ್ಲ ಎಂಬುದಕ್ಕೆ ಅಧಿಕಾರಿಗಳು ಹಾಕಿದ್ದು. 2023ರ ಜನವರಿಯಲ್ಲಿ ಊರಿನ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು, ನೂರಾರು ಕುಟುಂಬಗಳು ಮನೆ ತೊರೆದವು. ರೋಪ್‌ವೇ ನಿಂತದ್ದೂ ಆಗಲೇ. ಜೋಶಿಮಠ ನಿಂತಿರುವುದು ಬಂಡೆಯ ಮೇಲಲ್ಲ, ಹಿಂದೆಂದೋ ಕುಸಿದುಬಿದ್ದ ಮಣ್ಣು, ಕಲ್ಲುಗಳ ರಾಶಿಯ ಮೇಲೆ. ಗಢವಾಲದ ಆಯುಕ್ತರಾಗಿದ್ದ ಮಿಶ್ರಾ ಅವರ ಸಮಿತಿ 1976ರಲ್ಲಿಯೇ ಇದನ್ನು ತಿಳಿಸಿ, ಭಾರೀ ಕಟ್ಟಡ ಕಟ್ಟಬೇಡಿ, ಇಳಿಜಾರಿನ ಬಂಡೆಗಳನ್ನು ಅಗೆಯಬೇಡಿ, ಸಿಡಿಮದ್ದು ಬಳಸಬೇಡಿ, ಮರ ಕಡಿಯಬೇಡಿ, ನೀರು ಹರಿದುಹೋಗಲು ಚರಂಡಿ ಮಾಡಿ ಎಂದು ಎಚ್ಚರಿಸಿತ್ತು. ಆಮೇಲೂ ಬಹುಮಹಡಿ ಹೋಟೆಲುಗಳು ಎದ್ದವು. ಬಳಕೆಯ ನೀರು ಸಡಿಲ ನೆಲಕ್ಕೆ ಇಂಗುತ್ತಲೇ ಹೋಯಿತು.

“ಪ್ರವಾಸಿಗರು ಬಾರದಿದ್ದರೆ ನಮಗೆ ಊಟವಿಲ್ಲ. ಬಂದವರಿಗೆಲ್ಲ ಕೋಣೆ ಕಟ್ಟುತ್ತ ಹೋದರೆ ಊರೇ ಇರುವುದಿಲ್ಲ” ಎಂದರು ತರಬೇತುದಾರರ ತಾಯಿ, ಚಹಾ ನೀಡುತ್ತ. ದಂಪತಿಗಳಿಗೆ ಉತ್ತರ ತೋಚಲಿಲ್ಲ. 2024ರ ಜುಲೈ 30ರ ಇರುಳು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳನ್ನು ಬೆಟ್ಟವೇ ಇಳಿದುಬಂದು ಕೊಚ್ಚಿಕೊಂಡು ಹೋದದ್ದನ್ನು ತಮ್ಮದೇ ರಾಜ್ಯದಲ್ಲಿ ಕಂಡವರು ಅವರು. ಉಳಿದೆರಡು ದಿನ ಅವರು ಮೇಲಿನ ಹೋಟೆಲನ್ನು ಬಿಟ್ಟು, ಊರಿನವರೇ ನಡೆಸುವ ಪುಟ್ಟ ಮನೆಯೊಂದರಲ್ಲಿ ತಂಗಿದರು. ಕೊನೆಯ ದಿನ ಮೇಲಿನ ಇಳಿಜಾರಿನಿಂದ, ಪತಿ ಎರಡೇ ಬಾರಿ ಬಿದ್ದು, ಜೊತೆಯಾಗಿ ಇಳಿದರು.

ಮಕ್ಕಳೊಡನೆ ಹೋಗಬಯಸುವವರಿಗೆ ಜನವರಿಯಿಂದ ಮಾರ್ಚ್ ಮೊದಲ ವಾರದವರೆಗಿನ ಕಾಲ ಸೂಕ್ತ. ಹಿಮ ಬಿದ್ದಿದೆಯೇ, ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಬೇಕು. ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ತೊಡುವ ಬಟ್ಟೆ ಮೇಲು. ಕಪ್ಪು ಕನ್ನಡಕ ಮರೆಯಬಾರದು. ಹಲಗೆ, ಬೂಟುಗಳು ಅಲ್ಲಿಯೇ ಬಾಡಿಗೆಗೆ ದೊರೆಯುತ್ತವೆ.

ಶಾಲೆಗೆ ಮರಳಿದ ಶಿಕ್ಷಕಿ ಒಂದು ಬಟ್ಟಲು ಅಕ್ಕಿಹಿಟ್ಟನ್ನು ತರಗತಿಗೆ ಒಯ್ದರು. ಮಕ್ಕಳು ಸರದಿಯಂತೆ ಹಿಸುಕಿ ಸದ್ದು ಕೇಳಿದರು. ಅನಂತರ ಅವರು ಬಿರುಕು ಬಿಟ್ಟ ಗೋಡೆಯ ಕಥೆಯನ್ನೂ ಹೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಟೀಚರ್, ಆ ಮನೆಯವರು ಈಗ ರಾತ್ರಿ ಎಲ್ಲಿ ಮಲಗುತ್ತಾರೆ?”

“ಅದೇ ಮನೆಯಲ್ಲಿ” ಎಂದರು ಶಿಕ್ಷಕಿ. ಆ ದಿನ ಹಿಮಾಲಯದ ಪಾಠ ಅಲ್ಲಿಂದ ಆರಂಭವಾಯಿತು.