ಜಾನುಮರ್ಮ

ನೂರೇಳು ಮರ್ಮಗಳನ್ನು ವಿವರಿಸುವಾಗ ಸುಶ್ರುತಾಚಾರ್ಯರು, ತೊಡೆಯೂ ಜಂಘೆಯೂ ಕೂಡುವೆಡೆಯ ಜಾನುಮರ್ಮಕ್ಕೆ ಪೆಟ್ಟು ತಗುಲಿದರೆ ಕುಂಟುತನ ಒದಗುವುದೆಂದು ಹೇಳಿರುವರು. ಪಾಠಶಾಲೆಯ ದಿನಗಳಲ್ಲಿ ಇದನ್ನೋದಿ ಪುಟ ತಿರುವಿದ್ದೆನು. ಕಳೆದ ಮಾಘಮಾಸದಲ್ಲಿ ನನ್ನ ಮೊಮ್ಮಗಳು ಖೋಖೋ ಆಡುತ್ತ ತಟಕ್ಕನೆ ತಿರುಗಿ, ಮೊಣಕಾಲು ಹಿಡಿದು ಕುಸಿದಳೆಂದು ಕೇಳಿದಾಗ ಆ ಮಾತು ನೆನಪಿಗೆ ಬಂದಿತು. ಅವಳಿಗೆ ಹದಿನೆಂಟು ವರ್ಷ.

ಎಂ.ಆರ್.ಐ. ಚಿತ್ರದಲ್ಲಿ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಪೂರ್ಣವಾಗಿ ಹರಿದಿರುವುದೂ, ಎಲುಬುಗಳ ನಡುವಣ ಮೆತ್ತೆಯು ಸೀಳಿರುವುದೂ ಕಂಡುಬಂದವು. ಸುಶ್ರುತರು ಇಂತಹ ಕಟ್ಟುಗಳನ್ನು ಸ್ನಾಯುಗಳೆಂದು ಕರೆದು ಒಂಬೈನೂರೆಂದು ಎಣಿಸಿದರು. ಇಂದಿನ ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡ. ಮೂವತ್ತು ವರ್ಷ ತರಗತಿಯಲ್ಲಿ ಈ ಗೊಂದಲವನ್ನು ಬೆಳೆಸಿದವರಲ್ಲಿ ನಾನೂ ಒಬ್ಬನು.

ಹರಿದ ತುದಿಗಳನ್ನು ಹೊಲಿದರೆ ಸಾಲದೆ ಎಂದು ನಾನು ಶಸ್ತ್ರವೈದ್ಯರನ್ನು ಕೇಳಿದೆನು. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೋ ರಾಬ್ಸನ್ ಎಂಬವರು ಒಬ್ಬ ಗಣಿ ಕೆಲಸಗಾರನಿಗೆ ಹಾಗೆಯೇ ಹೊಲಿದಿದ್ದರು. ಆದರೆ ಸಂಧಿಯೊಳಗಿನ ದ್ರವದಲ್ಲಿ ರಕ್ತವು ಹೆಪ್ಪುಗಟ್ಟಿ ನಿಲ್ಲದ ಕಾರಣ ಬರಿಯ ಹೊಲಿಗೆಯು ಬಹುಮಂದಿಗೆ ಫಲಿಸದು. 1917ರಲ್ಲಿ ಬ್ರಿಸ್ಟಲಿನ ಹೇ ಗ್ರೋವ್ಸ್, ತೊಡೆಯ ಹೊರಮಗ್ಗುಲಿನ ಪಟ್ಟಿಯಿಂದ ಹೊಸ ರಜ್ಜುವನ್ನೇ ಮಾಡಿದರು. ಇಂದಿನ ಕ್ರಮವೂ ಮುಖ್ಯವಾಗಿ ಹೊಸದನ್ನು ಹೂಡುವುದೇ.

ನಾನಾದರೋ ಶಸ್ತ್ರಕ್ರಿಯೆಯೇ ಬೇಡವೆನ್ನುವ ಪಕ್ಷದವನು. 1986ರಲ್ಲಿ ಶಾಲೆಯ ಮೆಟ್ಟಿಲಿನಿಂದ ಜಾರಿ ನನ್ನ ಎಡಮೊಣಕಾಲು ಊದಿತ್ತು; ಪಟ್ಟು ಹಾಕಿಸಿಕೊಂಡು ಒಂದು ತಿಂಗಳಲ್ಲಿ ನಡೆದಾಡಿದ್ದೆನು. ಅದನ್ನೇ ನಿದರ್ಶನವಾಗಿ ಅಳಿಯಂದಿರಿಗೆ ಹೇಳಿದ್ದೆನು. ನನ್ನ ಪಕ್ಷಕ್ಕೆ ಆಧಾರವೂ ಇಲ್ಲದಿಲ್ಲ: 2010ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಪರೀಕ್ಷೆಯಲ್ಲಿ, ಮೊದಲು ವ್ಯಾಯಾಮವನ್ನೇ ಹಿಡಿದ 59 ಮಂದಿಯಲ್ಲಿ ಎರಡು ವರ್ಷಗಳೊಳಗೆ ಶಸ್ತ್ರಕ್ರಿಯೆ ಬೇಕಾದದ್ದು 23 ಮಂದಿಗೆ ಮಾತ್ರ, ಮೊದಲೇ ಮಾಡಿಸಿಕೊಂಡವರಿಗೂ ಇವರಿಗೂ ಫಲದಲ್ಲಿ ಹೇಳಿಕೊಳ್ಳುವ ಭೇದ ಕಾಣಲಿಲ್ಲ.

ವೈದ್ಯರು ಇದನ್ನು ಒಪ್ಪಿದರು. ಆದರೆ ಓಡುತ್ತ ತಿರುಗುವ ಆಟಕ್ಕೆ ಮರಳಬೇಕಾದವಳಿಗೆ, ಮೆತ್ತೆಯನ್ನೂ ಹೊಲಿಯಬೇಕಾಗಿರುವಾಗ, ಅಲುಗಾಡುವ ಮೊಣಕಾಲು ಆ ಹೊಲಿಗೆಯನ್ನು ಕೆಡಿಸಬಹುದೆಂದರು. ಬಳಿಕ ನಾನು ಕುಂಟುವುದನ್ನು ನೋಡಿ, ನನ್ನನ್ನು ಮಲಗಿಸಿ, ಜಂಘೆಯನ್ನು ಮುಂದಕ್ಕೆಳೆದು ನೋಡಿದರು. "ಮೇಷ್ಟ್ರೇ, ನಿಮ್ಮದೂ ಇದೇ ಹರಿದಿದೆ. ಮೆತ್ತೆಯೂ ಸವೆದಿದೆ" ಎಂದರು. ಇಳಿಜಾರಿನಲ್ಲಿ ನನ್ನ ಕಾಲು ಮೋಸಮಾಡುತ್ತಿದ್ದುದೇಕೆಂದು ಸುಮಾರು ನಾಲ್ವತ್ತು ವರ್ಷಗಳ ಮೇಲೆ ತಿಳಿಯಿತು. ಅಳಿಯಂದಿರು ನನ್ನ ಮುಖವನ್ನು ನೋಡದೆ ಕಿಟಕಿಯ ಕಡೆಗೆ ತಿರುಗಿದರು. ಅವರ ಸೌಜನ್ಯವದು.

ಇನ್ನುಳಿದದ್ದು, ಹೊಸ ರಜ್ಜುವನ್ನು ಎಲ್ಲಿಂದ ತೆಗೆಯುವುದೆಂಬ ಪ್ರಶ್ನೆ. ಮೃತರ ದೇಹದಿಂದ ದಾನವಾಗಿ ಬಂದದ್ದು ಎಳೆಯರಲ್ಲಿ ಮತ್ತೆ ಹರಿಯುವುದು ಹೆಚ್ಚೆಂದು ಅದನ್ನು ಬಿಟ್ಟೆವು. ಮೊಣಚಿಪ್ಪಿನ ಕೆಳಗಿನ ರಜ್ಜುವಿನ ನಡುಭಾಗವನ್ನು ತೆಗೆದರೆ, ಎರಡು ತುದಿಗಳಲ್ಲಿಯೂ ಎಲುಬಿನ ತುಣುಕಿರುವುದರಿಂದ ಅದು ಕೊರೆದ ಸುರಂಗದಲ್ಲಿ ಬೇಗನೆ ಬೆಸೆಯುವುದು. ಆದರೆ ಮೊಣಕಾಲೂರಿದಾಗ ನೋವು ಉಳಿಯಬಹುದು. ತೊಡೆಯ ಹಿಂಬದಿಯ ರಜ್ಜುಗಳನ್ನು ತೆಗೆದು ಮಡಚಿ ಹೂಡಿದರೆ ಆ ನೋವು ಕಡಿಮೆ. ಆದರೆ ಕಾಲನ್ನು ಹಿಂದಕ್ಕೆ ಮಡಚುವ ಬಲ ತುಸು ತಗ್ಗುವುದು, ಎಳೆಯ ಆಟಗಾರರಲ್ಲಿ ಮತ್ತೆ ಹರಿಯುವ ಭಯವೂ ಉಂಟು. ಈ ಭಯಕ್ಕೊಂದು ಉಪಾಯವಿದೆ. ಮೊಣಕಾಲಿನ ಹೊರಮಗ್ಗುಲಿಗೆ ಇನ್ನೊಂದು ಪಟ್ಟಿಯನ್ನು ಬಿಗಿಯುವುದು. 618 ಮಂದಿ ಎಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ವರ್ಷಗಳೊಳಗೆ ಹೊಸ ರಜ್ಜು ಹರಿದದ್ದು ಪಟ್ಟಿಯಿಲ್ಲದವರಲ್ಲಿ ನೂರಕ್ಕೆ 11, ಇದ್ದವರಲ್ಲಿ ನೂರಕ್ಕೆ 4. ಹೇ ಗ್ರೋವ್ಸ್ ಕೈಹಾಕಿದ ಆ ಹೊರಮಗ್ಗುಲಿನ ಪಟ್ಟಿಗೇ ಮತ್ತೆ ಬಂದಂತಾಯಿತು.

ನಾವು ಹಿರಿಯರು ಅದು ಇದು ಎಂದು ತರ್ಕಿಸುತ್ತಿರುವಾಗ ಮೊಮ್ಮಗಳು, "ಅಜ್ಜಾ, ಹಾರಿ ಬಿದ್ದು ಹಿಡಿಯುವವಳು ನಾನು. ಮೊಣಕಾಲು ನೆಲಕ್ಕೆ ತಾಗದ ದಿನವೇ ಇಲ್ಲ. ಹಿಂಬದಿಯದನ್ನೇ ತೆಗೆಯಲಿ, ಪಟ್ಟಿಯನ್ನೂ ಹಾಕಲಿ" ಎಂದಳು. ಚೈತ್ರದಲ್ಲಿ ಹಾಗೆಯೇ ನಡೆಯಿತು.

ಒಂಬತ್ತು ತಿಂಗಳಿಗೆ ಮುನ್ನ ಆಟದಂಗಳಕ್ಕೆ ಇಳಿಯಕೂಡದೆಂದು ವೈದ್ಯರ ಕಟ್ಟಪ್ಪಣೆ. ಈಗ ಭಾದ್ರಪದ. ಪ್ರತಿದಿನ ಬೆಳಗ್ಗೆ ಒಂದೇ ಜಮಖಾನದ ಮೇಲೆ ಮಲಗಿ ಇಬ್ಬರೂ ಕಾಲೆತ್ತುವ ವ್ಯಾಯಾಮ ಮಾಡುತ್ತೇವೆ. ಅವಳು ಎಣಿಸುತ್ತಾಳೆ. ನಾನು ಹನ್ನೆರಡಕ್ಕೆ ನಿಲ್ಲಿಸಿದರೆ, ಇಪ್ಪತ್ತಾಗಲಿಲ್ಲವೆಂದು ಮೊದಲಿನಿಂದ ಎಣಿಸುತ್ತಾಳೆ.