ಬೆಳ್ಳಗಿರುವುದೆಲ್ಲ ಬೆಳ್ಳಕ್ಕಿಯಲ್ಲ

ಹಕ್ಕಿ ಗುರುತಿಸಲು ಕಲಿಯಬೇಕೆನ್ನುವವರನ್ನು ನಾನು ಕಾಡಿಗಲ್ಲ, ಊರ ಕೆರೆಯ ಏರಿಗೆ ಕರೆಯುತ್ತೇನೆ. ಅಲ್ಲಿ ಬೆಳ್ಳಗೆ ಕಂಡದ್ದನ್ನೆಲ್ಲ ಬೆಳ್ಳಕ್ಕಿ ಎಂದು ಮುಗಿಸುವುದು ನಮ್ಮೆಲ್ಲರ ರೂಢಿ. ಆ ಬಿಳುಪನ್ನು ಬಿಡಿಸಿ ನೋಡುವುದೇ ಮೊದಲ ಪಾಠ.

ದನಗಳ ಕಾಲಬುಡದಲ್ಲೇ ಹೆಜ್ಜೆ ಹಾಕುತ್ತಿರುತ್ತದಲ್ಲ, ಹಳದಿ ಕೊಕ್ಕಿನ ಗಿಡ್ಡ ಕತ್ತಿನದು, ಅದು ಗೋವಕ್ಕಿ. ಗೊರಸಿಗೆ ಬೆದರಿ ಎಗರುವ ಮಿಡತೆಗಳೇ ಅದರ ಊಟ. ಮರಿ ಮಾಡುವ ಕಾಲ ಬಂತೆಂದರೆ ತಲೆ, ಕತ್ತು, ಬೆನ್ನಿಗೆ ಕಿತ್ತಳೆ ಬಣ್ಣ ಏರುತ್ತದೆ. ನನಗೆ ಬಲು ಪ್ರೀತಿ ನೀರಂಚಿನ ಕಿರು ಬೆಳ್ಳಕ್ಕಿಯ ಮೇಲೆ. ಕಪ್ಪು ಕೊಕ್ಕು, ಕಪ್ಪು ಕಾಲು. ಕಾಲೆತ್ತಿದಾಗ ಹಳದಿ ಪಾದ ಫಳ್ಳನೆ ಕಾಣುತ್ತದೆ. ಆ ಪಾದದಿಂದ ಕೆಸರು ಕದಡಿ, ಗಾಬರಿಬಿದ್ದು ಹೊರಟ ಮೀನಿಗೆ ಕೊಕ್ಕು ಹಾಕುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆಚೆ ಉದ್ದ ಕತ್ತು ಕೊಂಕಿಸಿ ಎತ್ತರಕ್ಕೆ ನಿಂತಿರುವುದು ದೊಡ್ಡ ಬೆಳ್ಳಕ್ಕಿ. ಕೊಳದ ಬಕವಂತೂ ಕೂತಾಗ ಕೆಸರಿನದೇ ಬಣ್ಣ, ಹಾರಿದಾಗ ರೆಕ್ಕೆಯೆಲ್ಲ ಹಾಲುಬಿಳುಪು.

ಈ ಪಾಠ ಮುಂದುವರಿಯುವುದು ರಂಗನತಿಟ್ಟಿನಲ್ಲಿ. ಕಾವೇರಿಯ ಆ ನಡುಗಡ್ಡೆಗಳು ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದವು. ಅಲ್ಲೂ ಬಿಳುಪೇ ಬಿಳುಪು. ಬಾಗಿದ ಕರಿ ಕೊಕ್ಕನ್ನು ಕೆಸರಿಗಿಳಿಸಿ ತಡಕುವುದು ಬಿಳಿ ಕೆಂಬರಲು. ಅದರ ತಲೆ, ಕತ್ತು ಕಪ್ಪು ಬೋಳು. ಚಪ್ಪಟೆ ಕೊಕ್ಕನ್ನು ನೀರಲ್ಲಿ ಅತ್ತಿಂದಿತ್ತ ಬೀಸುತ್ತ ನಡೆಯುವುದು ಚಮಚ ಕೊಕ್ಕಿನ ಹಕ್ಕಿ. ಬಣ್ಣ ಒಂದೇ, ಹೊಟ್ಟೆಪಾಡು ಬೇರೆ ಬೇರೆ.

ಆದ್ದರಿಂದ ಹೊಸ ಹಕ್ಕಿ ಕಂಡಾಗ ಬಣ್ಣವೊಂದನ್ನೇ ನೆಚ್ಚಬೇಡಿ. ಗಾತ್ರ ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ? ಕೊಕ್ಕು ಎಂಥದು? ಅದರಿಂದ ಏನು ಮಾಡುತ್ತಿದೆ? ಕಣ್ತುಂಬ ನೋಡಿದ ಮೇಲೆ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ತೆರೆಯಿರಿ. ಪುಸ್ತಕ ಕಾಯುತ್ತದೆ, ಹಕ್ಕಿ ಕಾಯುವುದಿಲ್ಲ.

ಹೀಗೆ ನೋಡುತ್ತ ಹೋದಂತೆ ಕೆರೆಯೂ ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತದೆ. ಅಂಚಿನ ಕೆಸರು, ಮೊಣಕಾಲುದ್ದದ ನೀರು, ದನ ಮೇಯುವ ಹುಲ್ಲು, ಒಂದೊಂದೂ ಒಂದೊಂದು ಹಕ್ಕಿಯ ಅನ್ನ. ಕೆರೆಯನ್ನು ಚೆಂದಗಾಣಿಸಲೆಂದು ಕೆಸರು ಮುಚ್ಚಿ ಸುತ್ತ ಕಲ್ಲು ಕಟ್ಟಿದರೆ ಯಾರ ಯಾರ ಊಟ ತಪ್ಪುತ್ತದೆಂದು ಹೆಸರು ಹಿಡಿದು ಹೇಳಬಲ್ಲವರೇ ನಿಜವಾಗಿ ಹಕ್ಕಿ ಬಲ್ಲವರು. ಅಂಥವರು ಪ್ರತಿ ಊರಿಗೂ ನಾಲ್ಕು ಜನ ಬೇಕು.