ಮುಚ್ಚಳದ ರಂಧ್ರ

ತೀರ್ಥರೂಪರು ಬಿಟ್ಟುಹೋದ ವಿಲ್ಲಿಸ್ ಜೀಪನ್ನು ಎರಡು ವರ್ಷ ದುರಸ್ತಿ ಮಾಡಿದೆನು. ಅದರಲ್ಲಿ ಕುಳಿತು ಒಮ್ಮೆ ತೋಟವನ್ನು ನೋಡಬೇಕೆಂದು ಮಾತೃಶ್ರೀಯವರ ಆಸೆ. ಆದರೆ ಹೊರಟ ಅರ್ಧ ಗಂಟೆಗೆ ಎಂಜಿನು ನಿಂತುಹೋಗುವುದು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುವುದು. ಕಾಯಿಲು, ಕಂಡೆನ್ಸರುಗಳನ್ನು ಬದಲಿಸಿದೆನು. ಪೆಟ್ರೋಲು ಪಂಪಿಗೆ ಹೊಸ ಡಯಾಫ್ರಾಮನ್ನೂ ಹಾಕಿಸಿದೆನು. ಹಣ ನೀರಾಯಿತು, ಫಲ ಮಾತ್ರ ಶೂನ್ಯ.

ಒಂದು ದಿನ ಗಾಡಿ ನಿಂತೊಡನೆ, ಸೀಟಿನಡಿಯ ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿದೆನು. ‘ಸುಯ್’ ಎಂದು ಗಾಳಿ ಒಳನುಗ್ಗಿತು. ಗಾಳಿಗೆಂದೇ ಅದರಲ್ಲಿದ್ದ ಸಣ್ಣ ರಂಧ್ರವನ್ನು ಸೋರುವ ತೂತೆಂದು ಬಗೆದು ಬೆಸುಗೆ ಹಾಕಿದ ಮಹಾನುಭಾವನು ನಾನೇ! ಪೆಟ್ರೋಲು ಇಳಿದಷ್ಟೂ ಒಳಗೆ ನಿರ್ವಾತವುಂಟಾಗಿ, ಪಂಪು ಎಳೆಯಲಾರದೆ ಸೋಲುತ್ತಿತ್ತು.

ಬೆಸುಗೆಯನ್ನು ಕೊರೆದು ತೆಗೆದೆನು. ಮರುದಿನ ಮಾತೃಶ್ರೀಯವರು ತೋಟದ ಕೊನೆಯ ಬೇಲಿಯವರೆಗೂ ಬಂದರು. “ನಿಮ್ಮಪ್ಪ ಇಷ್ಟು ನಿಧಾನವಾಗಿ ಓಡಿಸುತ್ತಿರಲಿಲ್ಲ” ಎಂದರು.